ಕೈಬೀಸಿಕೊಂಡು ಬಂದವರ ಚಹಾ

ಬರೆಯುವವರ ಗುಂಪು ಕಟ್ಟಿದವನೂ ಅವನೇ, ಕಾನೂನು ಮಾಡಿದವನೂ ಅವನೇ. ಪ್ರತಿ ಭಾನುವಾರ ಮಧ್ಯಾಹ್ನ ತನ್ನ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ವರೂ ಸೇರಬೇಕು. ಹೊಸದಾಗಿ ಬರೆದದ್ದನ್ನು ಓದಬೇಕು. ಕೈಬೀಸಿಕೊಂಡು ಬಂದವರು ಉಳಿದವರಿಗೆ ಚಹಾ ಮಾಡಿಕೊಡಬೇಕು. ಶಿಸ್ತಿಲ್ಲದೆ ಸಾಹಿತ್ಯವಿಲ್ಲ ಎಂದು ಮೊದಲ ದಿನ ಅರ್ಧ ಗಂಟೆ ಕೊರೆದಿದ್ದ. ಆಮೇಲಿನ ಹನ್ನೊಂದು ತಿಂಗಳು ಚಹಾ ಮಾಡಿದವನೂ ಅವನೇ.

ನೆಪಗಳಿಗೇನೂ ಬರವಿರಲಿಲ್ಲ. ಒಂದು ವಾರ ಲೆನ್ಸ್ ಉಜ್ಜುವ ಯಂತ್ರ ಕೆಟ್ಟಿತ್ತು, ಇನ್ನೊಂದು ವಾರ ಕಥೆ ಮನಸ್ಸಿನಲ್ಲಿ ಮಾಗುತ್ತಿತ್ತು. ಮಾಗಿ ಮಾಗಿ ಕೊಳೆತೇ ಹೋಗಿರಬೇಕೆಂದು ಅವನಿಗೇ ಅನುಮಾನ. ಚಹಾ ಮಾತ್ರ ವಾರದಿಂದ ವಾರಕ್ಕೆ ಸುಧಾರಿಸಿತು. ಅಂಗಡಿಯ ಮೇಲಿನ ಮಹಡಿಯ ನೆರೆಮನೆ ಅಕ್ಕ, ಲಿಫ್ಟ್ ರಿಪೇರಿಯವರು, ನರ್ಸಮ್ಮ, ಮೂವರೂ ತಪ್ಪದೆ ಬರೆದು ತರುತ್ತಿದ್ದರು. ಅವರು ಓದುವಾಗ ಇವನು ಮೂಲೆಯಲ್ಲಿ ಹಾಲು ಉಕ್ಕದಂತೆ ಕಾಯುತ್ತ, ಈ ವಾಕ್ಯ ಸಡಿಲವಾಯಿತು ಎಂದು ದೊಡ್ಡ ವಿಮರ್ಶಕನ ಹಾಗೆ ತಲೆ ಕೊಡವುತ್ತಿದ್ದ.

ಹೀಗಿರುವಾಗ ನರ್ಸಮ್ಮನಿಗೆ ವರ್ಗವಾಯಿತು. "ಮುಂದಿನ ಭಾನುವಾರಾನೇ ಕೊನೆ," ಎಂದರು. "ಹೋಗೋದ್ರೊಳಗೆ ನಿಮ್ಮದೂ ಒಂದು ಪುಟ ಕೇಳ್ಬೇಕು ಅಂತ ಆಸೆ ಇತ್ತು ನೋಡಿ."

ಬೈದಿದ್ದರೆ ಸಹಿಸಬಹುದಿತ್ತು. ಈ ಮಾತಿಗೆ ಅವನಿಗೆ ನಿಜವಾಗಿ ನಾಚಿಕೆಯಾಯಿತು. ಆ ವಾರ ಗಿರಾಕಿಗಳನ್ನು ಅಕ್ಷರದ ಪಟ್ಟಿಯ ಮುಂದೆ ಕೂರಿಸಿ, ಅವರು ಕೆಳಗಿನ ಸಾಲು ಓದಲು ತಡವರಿಸುವಷ್ಟರಲ್ಲಿ, ಕಣ್ಣಿನ ನಂಬರು ಬರೆಯುವ ಚೀಟಿಗಳ ಬೆನ್ನಿಗೆ ಗೀಚಿಕೊಂಡ. ಮುದುಕರೊಬ್ಬರು ಅದೇ ಸಾಲನ್ನು ಮೂರು ಸಲ ಓದಿ, "ನನ್ನ ಕಣ್ಣು ಆಮೇಲಿರ್ಲಿ, ಮೊದಲು ನಿನ್ನ ಕಿವಿ ತೋರಿಸ್ಕೋಪ್ಪ," ಎಂದರು. ಶನಿವಾರದ ಹೊತ್ತಿಗೆ ಹದಿನಾಲ್ಕು ಚೀಟಿ ತುಂಬಿದ್ದವು.

ಭಾನುವಾರ ಮೂವರೂ ಬಂದು ಕೂತದ್ದೇ ಅವನು ಚೀಟಿಗಳನ್ನು ಜೇಬಿನೊಳಕ್ಕೆ ಇನ್ನಷ್ಟು ತಳ್ಳಿದ. ಓದಿದರೆ ತಾನು ಎಂಥ ಬರಹಗಾರನೆಂದು ಗೊತ್ತಾಗಿಬಿಡುತ್ತದೆ. ಚಹಾದಲ್ಲಿ ಆ ಅಪಾಯವಿಲ್ಲ. "ಈ ಸಲಾನೂ ಆಗ್ಲಿಲ್ಲ," ಎಂದು ಪಾತ್ರೆಗೆ ಕೈ ಹಾಕಿದ. ಹನ್ನೊಂದು ತಿಂಗಳಲ್ಲಿ ಅವನು ಹೇಳಿದ ಮೊದಲ ಅಪ್ಪಟ ಸುಳ್ಳು ಅದು.

ನರ್ಸಮ್ಮ ಪಾತ್ರೆ ಕಿತ್ತುಕೊಂಡರು. "ಬಿಡಿ, ನಾನೂ ಬರೆದಿಲ್ಲ."

"ನಂದೂ ಏನಿಲ್ಲ," ಎಂದರು ಲಿಫ್ಟ್ ರಿಪೇರಿಯವರು.

"ನಾನೂ ಬರೆದಿಲ್ಲ ಕಣೋ," ಎಂದಳು ಅಕ್ಕ. "ಕೈಬೀಸಿಕೊಂಡು ಬಂದೋರು ಚಹಾ ಮಾಡ್ಬೇಕು ಅಂತ ನೀನೇ ತಾನೇ ಹೇಳಿದ್ದು? ಇಡೀ ವಾರ ಗಿರಾಕಿಗಳನ್ನ ಕಾಯಿಸಿ ಗೀಚ್ತಿದ್ದೆ, ನಾನು ನೋಡಿಲ್ವಾ? ಜೇಬಲ್ಲಿರೋದು ತೆಗಿ."

ಮೂವರೂ ಒಲೆಯ ಸುತ್ತ ನಿಂತುಬಿಟ್ಟರು. ಅವನಿಗೆ ಅಡಗಿಕೊಳ್ಳಲು ಒಲೆಯೂ ಉಳಿಯಲಿಲ್ಲ. ಕುರ್ಚಿಯಲ್ಲಿ ಕೂತು, ಚೀಟಿ ತೆಗೆದು ಓದತೊಡಗಿದ: "ಕನ್ನಡಕ ಹಾಕಿಸಿಕೊಂಡ ದಿನ ಅಪ್ಪ ಮೊದಲು ನೋಡಿದ್ದು ತನ್ನ ಅಂಗೈಯನ್ನು. ಇಲ್ಲಿ ಇಷ್ಟೊಂದು ಗಾಯ ಇತ್ತಾ ಎಂದು ನಮ್ಮನ್ನೇ ಕೇಳಿದ."

ಆರನೆಯ ಚೀಟಿಗೆ ಬಂದಾಗ ಏನೋ ಸೀದ ವಾಸನೆ ಬಂತು. ತಲೆಯೆತ್ತಿದರೆ, ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಅದರ ಎದುರಿಗೇ ನಿಂತಿದ್ದ ಮೂವರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡು ಒಲೆ ಆರಿಸಿದಳು. "ಹಾಲು ಹೋದ್ರೆ ಹೋಗ್ಲಿ," ಎಂದಳು. "ಅಪ್ಪ ಆಮೇಲೇನಂದ್ರು, ಓದು."