ಏರು ಹತ್ತಲೊಲ್ಲದ ಬಸವ

ರಾಮಪ್ರಸಾದರ ಹಳೆಯ ಡೀಸೆಲ್ ಕಾರಿಗೆ ಬಸವ ಎಂದು ಹೆಸರಿಟ್ಟವಳು ಮಗಳು ಶರಣ್ಯ. ಆಗಿನ್ನೂ ಲಂಗ ಹಾಕುವ ಹುಡುಗಿ. ಈಗ ಅದೇ ಶರಣ್ಯ ಬೆಳ್ಳಂದೂರಿನಿಂದ ಫೋನು ಮಾಡಿ ಬಸವನನ್ನು ಮಾರಿಬಿಡಿ ಎನ್ನುತ್ತಾಳೆ! ಸರ್ಜಾಪುರದ ಕಡೆಯ ಗಿರಾಕಿಯನ್ನೂ ಹುಡುಕಿಟ್ಟಿದ್ದಾಳೆ.

"ಅಪ್ಪಾ, ಮೊನ್ನೆ ಫ್ಲೈಓವರ್ ಹತ್ತೋವಾಗ ಹಿಂದಿನೋರೆಲ್ಲ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ್ರು. ಅದಕ್ಕೆ ವಯಸ್ಸಾಯ್ತು, ಬಿಟ್ಬಿಡಿ."

ರಾಮಪ್ರಸಾದರಿಗೆ ಪಿತ್ತ ನೆತ್ತಿಗೇರಿತು. "ಭಾನುವಾರದೊಳಗೆ ಅದೇ ಏರನ್ನ ಸಲೀಸಾಗಿ ಹತ್ತಲಿಲ್ಲ ಅಂದ್ರೆ ಆಮೇಲೆ ಮಾರು, ನಾನು ತುಟಿ ಪಿಟಕ್ ಅನ್ನಲ್ಲ" ಎಂದುಬಿಟ್ಟರು. ಅಂದ ಮೇಲೆ ಎದೆಯೊಳಗೆ ಅಳುಕು ಶುರುವಾಯಿತು.

ಯಾಕೆಂದರೆ ಬಸವ ನಿಜಕ್ಕೂ ಸೊರಗಿದ್ದ. ದೀಪಾವಳಿ ಕಳೆದ ಮೇಲಿಂದ ಇದೇ ಪಾಡು. ಮಟ್ಟಸ ರಸ್ತೆಯಲ್ಲಿ ಹೇಗೋ ಸಾಗುತ್ತಾನೆ. ಏರು ಸಿಕ್ಕಿತೋ, ಜಪ್ಪಯ್ಯ ಎಂದರೂ ಮುಂದೆ ಹೋಗುವುದಿಲ್ಲ. ಒಂದು ಕಾಲದಲ್ಲಿ ಹೀಗಿದ್ದನೇ? ಅವರು ಕೆಲಸಕ್ಕಿದ್ದ ಕಾರ್ಖಾನೆಯ ಕಾಲೊನಿಯಲ್ಲಿ ಯಾರ ಮನೆಯ ಹೆರಿಗೆಯಾಗಲಿ, ಮದುವೆಯಾಗಲಿ, ಬಸವ ಹೊರಡಲೇಬೇಕು. ತಿರುಪತಿಗೆ ಹೊರಟರೆ ಒಬ್ಬರ ತೊಡೆಯ ಮೇಲೆ ಒಬ್ಬರು, ಕಾಲ ಬಳಿ ಪುಳಿಯೋಗರೆ ಡಬ್ಬಿ, ಡಿಕ್ಕಿಯಲ್ಲಿ ಜಮಖಾನ. ಕುಂದಲಹಳ್ಳಿ ದಾಟಿದರೆ ಇಕ್ಕೆಲದಲ್ಲೂ ರಾಗಿ ಹೊಲ. ಆ ಗಾಳಿ ಈಗ ಎಲ್ಲಿಂದ ತರೋಣ!

ಮರುದಿನ ಬೆಳಗ್ಗೆಯೇ ದೇವರಾಜನ ಗ್ಯಾರೇಜಿಗೆ ಹೋದರು. ರಾಮಪ್ರಸಾದರು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಬಿಡಿಭಾಗ ಕಡೆಯುತ್ತ ಜೀವ ತೇದ ಮನುಷ್ಯ, ದೂರ ನಿಂತು ನೋಡುವ ಪೈಕಿಯಲ್ಲ. ಗಾಳಿಯ ಫಿಲ್ಟರ್ ಜಾಡಿಸಿದ್ದಾಯಿತು, ಡೀಸೆಲ್ ಫಿಲ್ಟರ್ ಬದಲಾಯಿಸಿದ್ದಾಯಿತು. ಬ್ರೇಕ್ ಕಚ್ಚಿಕೊಂಡಿದೆಯೇ ಎಂದು ಜಾಕ್ ಕೊಟ್ಟು ಚಕ್ರ ತಿರುಗಿಸಿದರೆ, ಗಿರ್ರನೆ ತಿರುಗಿತು. ಕಪ್ಪು ಹೊಗೆಯೂ ಇಲ್ಲ.

"ಇರ್ಲಿ ಬಿಡಿ ಸಾರ್, ವಯಸ್ಸಾಗಿದೆ. ನಿಧಾನಕ್ಕೆ ಓಡ್ಸಿ" ಎಂದ ದೇವರಾಜ, ಎತ್ತಲೋ ನೋಡುತ್ತ.

"ಯಾರಿಗೋ ವಯಸ್ಸಾಗಿರೋದು?" ಎಂದು ರೇಗಿದವರೇ ಬಾನೆಟ್ಟಿನೊಳಗೆ ಬಗ್ಗಿ, ಡೀಸೆಲ್ ಪಂಪಿನ ಮೇಲಿನ ಲಿವರನ್ನು ಕೈಯಿಂದಲೇ ಎಳೆದರು. ತಗೋ! ಬಸವ ಹಳೆಯ ದನಿಯಲ್ಲೇ ಗುಡುಗಿದ. ರಾಮಪ್ರಸಾದರ ಕಣ್ಣು ತುಂಬಿತು. ಎಂಜಿನ್ನಿಗೆ ಏನೂ ಆಗಿಲ್ಲ! ಕೈಯಿಂದ ಎಳೆದರೆ ಓಡುವುದು ಕಾಲಿನಿಂದ ತುಳಿದರೆ ಓಡುವುದಿಲ್ಲ ಎಂದರೆ, ದೋಷ ಇರುವುದು ಪೆಡಲ್‌ಗೂ ಪಂಪಿಗೂ ನಡುವೆ.

ಮಂಡಿಯೂರಿ ಆಕ್ಸಿಲರೇಟರಿನ ಕೆಳಗೆ ಕೈ ಹಾಕಿದರು. ಮ್ಯಾಟಿನಡಿ ಒಂದು ಅಲ್ಯೂಮಿನಿಯಂ ತುಂಡು, ಬೋಲ್ಟು ಹಾಕಿ ಕೂರಿಸಿದ್ದು. ಪೆಡಲ್ ಅರ್ಧ ಇಳಿದು ಅದಕ್ಕೆ ತಾಗಿ ನಿಲ್ಲುತ್ತಿತ್ತು. ತುಂಡಿನ ಅಂಚು ಸವರಿದ್ದೇ ತಡ, ಯಾರ ಕೈಕೆಲಸ ಎಂದು ಗೊತ್ತಾಯಿತು. ಅವರದೇ! ಹೆಂಡತಿ ಸೀತಾಲಕ್ಷ್ಮಿಗೆ ಕಾರು ಕಲಿಸುವಾಗ, ಹೆದರಿ ಜೋರಾಗಿ ತುಳಿದುಬಿಟ್ಟಾಳೆಂದು ಗುಜರಿಯ ತುಂಡೊಂದನ್ನು ಲೇತ್ ಯಂತ್ರಕ್ಕೆ ಕಟ್ಟಿ ತಾವೇ ಕಡೆದದ್ದು.

"ದೀಪಾವಳಿ ಆದ್ಮೇಲೆ ಅಮ್ಮಾವ್ರೇ ತಂದ್ಕೊಟ್ಟು ಹಾಕು ಅಂದ್ರು ಸಾರ್. ನಿಮಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು" ಎಂದ ದೇವರಾಜ.

ರಾಮಪ್ರಸಾದರು ಬೈಯಲಿಲ್ಲ. ಅವರಿಗೆ ಹೊಳೆದದ್ದೇ ಬೇರೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹಿಡಿಯುತ್ತಿದ್ದ ತಮಗೆ, ಇಷ್ಟು ದಿನ ಪೆಡಲ್ ಅರ್ಧಕ್ಕೇ ನಿಲ್ಲುತ್ತಿದೆ ಎಂದು ಕಾಲು ಹೇಳಲೇ ಇಲ್ಲವಲ್ಲ? ಮೈಗಂಟಿದ ಸಕ್ಕರೆ ಕಾಯಿಲೆ ಆ ಪಾದದ ಸ್ಪರ್ಶವನ್ನು ಯಾವಾಗ ತಿಂದುಹಾಕಿತು?

ಮನೆಯಲ್ಲಿ ಸೀತಾಲಕ್ಷ್ಮಿ ಅವರೆಕಾಳು ಹಿಸುಕುತ್ತಿದ್ದರು. ಗಂಡನ ಕೈಯಲ್ಲಿದ್ದ ತುಂಡು ನೋಡಿ ಮುಖ ಸಣ್ಣಗಾಯಿತು.

"ನನಗೆ ಹೇಳಬಾರದಿತ್ತೇನೇ?"

"ಹೆಂಗ್ರೀ ಹೇಳ್ಲಿ? ನಡೀವಾಗ ಚಪ್ಪಲಿ ಕಳಚಿಬಿದ್ರೂ ನಿಮಗೆ ಗೊತ್ತಾಗ್ತಿರ್ಲಿಲ್ಲ. ಆವತ್ತು ಸ್ಕೂಲ್ ಹತ್ರ ಬ್ರೇಕ್ ತುಳೀಬೇಕಾದಾಗ ನಿಮ್ಮ ಕಾಲು ಆಕ್ಸಿಲರೇಟರ್ ಮೇಲೇ ಕೂತಿತ್ತು. ಎದುರಿಗೆ ಪುಟ್ಟ ಪುಟ್ಟ ಮಕ್ಕಳು! ನಾನು ಕಿರುಚ್ಕೊಂಡೆ, ನೀವು ನಕ್ಕುಬಿಟ್ರಿ. ಕಾರು ಓಡ್ಸೋದು ಬಿಡಿ ಅಂದಿದ್ರೆ ಬಿಡ್ತಿದ್ರಿ ಕಣ್ರೀ. ಬಿಟ್ಮೇಲೆ ನೀವು ನೀವಾಗಿರ್ತಿದ್ರಾ?"

ರಾಮಪ್ರಸಾದರಿಗೆ ನಾಚಿಕೆಯಾಯಿತು, ಭಯವಾಯಿತು. ಇವಳು ತನ್ನನ್ನು ಹೀಗೂ ಕಾಪಾಡಿದಳಲ್ಲ ಎಂದು ಹೊಟ್ಟೆಯೊಳಗಿಂದ ಪ್ರೀತಿ ಉಕ್ಕಿತು.

ಭಾನುವಾರ ಬೆಳಗ್ಗೆ ಕಾರಿನ ಕೀಯನ್ನು ಹೆಂಡತಿಯ ಕೈಗಿಟ್ಟು, ತಾವು ಎಡಗಡೆಯ ಬಾಗಿಲು ತೆರೆದರು.

"ಅಯ್ಯೋ, ನಾನು ಬಸವನ್ನ ಮುಟ್ಟಿ ಎಷ್ಟು ಕಾಲ ಆಯ್ತು! ಆ ತುಂಡಾದ್ರೂ ಇರ್ಲಿ ಕಣ್ರೀ."

"ಬೇಡ. ಆವತ್ತೂ ನಿನಗೆ ಅದು ಬೇಕಿರಲಿಲ್ಲ. ನನಗೇ ಧೈರ್ಯ ಸಾಲದೆ ಹಾಕಿದ್ದು."

ಊರೊಳಗಿನ ಖಾಲಿ ಬೀದಿಗಳಲ್ಲಿ ಎರಡು ಸುತ್ತು ಹಾಕಿದ ಮೇಲೆ ಸೀತಾಲಕ್ಷ್ಮಿಯ ಕೈ ಕುದುರಿತು. ಫ್ಲೈಓವರಿನ ಬುಡಕ್ಕೆ ಬಂದಾಗ ರಾಮಪ್ರಸಾದರು "ಈಗ ತುಳಿಯೇ" ಎಂದರು.

"ಗೊತ್ತು, ಸುಮ್ನೆ ಕೂತ್ಕೊಳ್ರೀ" ಎಂದು ಸೀತಾಲಕ್ಷ್ಮಿ ತುಳಿದೇಬಿಟ್ಟರು. ಬಸವ ಸಲೀಸಾಗಿ ಏರು ಹತ್ತಿದ. ರಾಮಪ್ರಸಾದರು ತಮ್ಮ ಬಲಗಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಚಿವುಟಿ ನೋಡಿದರು. ಏನೂ ಗೊತ್ತಾಗಲಿಲ್ಲ. ಕಿಟಕಿಯಾಚೆ ಮುಖ ತಿರುಗಿಸಿ, ಹೆಂಡತಿಗೆ ಕಾಣದ ಹಾಗೆ ಕಣ್ಣೊರೆಸಿಕೊಂಡರು.