ಅಳಿಮಯ್ಯನ ಎಫ್‌ಸಿ

ಫುಟ್‌ಬಾಲ್ ರೆಫರಿ ಆಗಬೇಕಾದರೆ ಎರಡು ಪರೀಕ್ಷೆ. ಒಂದು ಬರೆಯುವುದು, ಇನ್ನೊಂದು ಓಡುವುದು. ಬರೆಯುವುದನ್ನು ನಾನು ಮೊದಲ ಸಲಕ್ಕೇ ಪಾಸು ಮಾಡಿದ್ದೆ. ಅರ್ಥವಾಗದ್ದನ್ನು ಬರೆದು ಪಾಸಾಗುವುದು ಬಿ.ಕಾಂ. ಓದಿದವನಿಗೆ ಹೊಸದಲ್ಲ. ಓಡುವುದರಲ್ಲಿ ಹೋದ ವರ್ಷ ಡುಮ್ಕಿ. ಈ ವರ್ಷವೂ ಬಿದ್ದರೆ ಬರೆದದ್ದೂ ರದ್ದು, ಮತ್ತೆ ಮೊದಲಿಂದ ಶುರು ಎಂದು ಪರೀಕ್ಷೆ ನಡೆಸುವ ಹುಸೇನ್ ಸಾರ್ ಹೇಳಿಬಿಟ್ಟಿದ್ದರು.

ಬಿಡದಿಯ ಕಾರ್ಖಾನೆಗಳೆಲ್ಲ ಸೇರಿ ಆಗಷ್ಟೇ ಒಂದು ಕಪ್ ಶುರು ಮಾಡಿದ್ದವು. ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕಾಯುವ ನನಗೆ ಆ ಕಪ್ಪಿನಲ್ಲಿ ಸೀಟಿ ಊದುವ ಹುಚ್ಚು. ಆಡಲು ನನಗೆ ಬರುವುದಿಲ್ಲ. ಆಡುವವರನ್ನು ನಿಲ್ಲಿಸಬೇಕೆನ್ನುವ ಆಸೆ ಮಾತ್ರ ಚಿಕ್ಕಂದಿನಿಂದ ಇದೆ.

ಸರಿ, ಓಡಬೇಕಲ್ಲ. ಕಂಪನಿ ಬಸ್ಸಿಗೆ ಮುಂಚೆ, ಬೆಳಗಿನ ತಂಪಿನಲ್ಲಿ ಹೊಂಗನೂರಿನಿಂದ ಚನ್ನಪಟ್ಟಣದ ಕಡೆಗೆ ಓಡತೊಡಗಿದೆ. ನಮ್ಮ ರಸ್ತೆಯಲ್ಲಿ ಓಡುವವನೆಂದರೆ ಬಸ್ಸು ತಪ್ಪಿಸಿಕೊಂಡವನು, ಇಲ್ಲವೇ ಮನೆಯಲ್ಲಿ ಏನೋ ಆಗಬಾರದ್ದು ಆದವನು. ಮೂರನೆಯ ನಮೂನೆ ಇಲ್ಲ. ಹಿಪ್ಪುನೇರಳೆ ಸೊಪ್ಪು ಕಟ್ಟಿಕೊಂಡು ಬರುತ್ತಿದ್ದ ಸೈಕಲ್ಲುಗಳೆಲ್ಲ ನಿಂತವು.

"ಯಾಕಣ್ಣಾ, ಯಾರ್ಗೇನಾಯ್ತು?"

"ಏನಿಲ್ಲ, ಸುಮ್ನೆ."

"ಸುಮ್ಸುಮ್ನೆ ಯಾರಾರ ಓಡ್ತಾರಾ? ಹೇಳೋಕಿಷ್ಟ ಇಲ್ದಿದ್ರೆ ಬುಡಿ."

ಡೈರಿ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ನಿಂತಿರುತ್ತಿದ್ದ ಬೋರಲಿಂಗಯ್ಯನವರಿಗೆ ಮಾತ್ರ ನಿಜ ಹೇಳಿದೆ. ನಾನು "ರೆಫರಿ" ಎಂದದ್ದು ಅವರ ಕಿವಿ ತಲುಪುವಷ್ಟರಲ್ಲಿ "ರಿಪೇರಿ" ಆಗಿತ್ತು. ಮಾರನೆಯ ದಿನ ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ರಸ್ತೆ ಪಕ್ಕ ಇಳಿಸಿಕೊಂಡು ನನಗಾಗಿ ಕಾದಿದ್ದರು. ತಿದ್ದೋಣವೆಂದು ಆಟದ ನಿಯಮ ಹೇಳಲು ಹೋಗಿ ಆಫ್‌ಸೈಡ್ ಎಂದೆ.

"ಹಾಫ್ ಸೈಟಾ? ಎಲ್ಲಪ್ಪಾ, ಬಿಡದಿ ತಾವ್ಲಾ? ಏನ್ ರೇಟ್ ಏಳ್ತಾವ್ರೆ?"

ಹೈವೇ ಪಕ್ಕದ ರಾಗಿ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲ. ಅವರನ್ನು ಅನ್ನುವಂತೆಯೂ ಇರಲಿಲ್ಲ.

ಇವರನ್ನೆಲ್ಲ ಹೇಗೋ ಸಹಿಸಬಹುದಿತ್ತು. ಚನ್ನಲಿಂಗಪ್ಪನವರನ್ನು ಸಹಿಸುವುದು ಹೇಗೆ? ನನಗೆ ಅವರು ಸೋದರಮಾವ; ಮಗಳು ನೇತ್ರಾಳನ್ನು ಕೊಟ್ಟ ಮೇಲೆ ಹೆಣ್ಣು ಕೊಟ್ಟ ಮಾವನೂ ಹೌದು. ಒಂದು ಹಳೇ ಲಾರಿಯ ಮಾಲೀಕರು. ಅವರ ಲೋಕದಲ್ಲಿ ಫಿಟ್ನೆಸ್ ಎಂದರೆ ಒಂದೇ: ಲಾರಿ ರಸ್ತೆಗಿಳಿಯಲು ಯೋಗ್ಯ ಎಂದು ಬರೆಸಿಕೊಂಡು ಬರುವ ಎಫ್‌ಸಿ. ಅದರ ಹಿಂದಿನ ದಿನ ಲಾರಿಗೆ ಅಭ್ಯಂಜನ, ಮುಖಕ್ಕೆ ಹೊಸ ಬಣ್ಣ, ಪಕ್ಕದ ಮನೆ ಲಾರಿಯಿಂದ ಸಾಲ ತಂದ ಟೈರು. ಎಫ್‌ಸಿ ಮುಗಿಸಿಕೊಂಡು ಬಂದ ಸಂಜೆ ಟೈರು ವಾಪಸ್ಸು.

ಮೂರನೆಯ ಬೆಳಗ್ಗೆ ಅವರ ಟಿವಿಎಸ್ ನನ್ನ ಪಕ್ಕಕ್ಕೇ ಬಂತು.

"ಹತ್ತಲಾ ಅಳಿಮಯ್ಯ."

"ಬ್ಯಾಡಿ ಮಾವ, ಓಡ್ಬೇಕು. ಫಿಟ್ನೆಸ್ ಟೆಸ್ಟ್ ಐತೆ."

"ಎಫ್‌ಸೀನಾ? ಲೇ, ಎಫ್‌ಸಿ ಹತ್ರುಕ್ ಬಂದಾಗ ಯಾವನಾರ ಗಾಡಿ ಓಡುಸ್ತಾನೇನ್ಲಾ? ಸವ್ದೋಯ್ತದೆ! ತೊಳ್ದು, ಬಣ್ಣ ಹೊಡ್ದು, ನೆಳ್ಳಲ್ಲಿ ನಿಲ್ಸಬೇಕು."

"ನಾನು ಗಾಡಿ ಅಲ್ಲ ಮಾವ."

"ಅಲ್ಲ ಅಂತ ನೇತ್ರಾನೂ ಅಂದ್ಲು. ಗಾಡಿ ಆಗಿದ್ರೆ ಬಾಡ್ಗೆನಾದ್ರೂ ಬತ್ತಿತ್ತು ಅಂದ್ಲು. ಹತ್ತು ಹತ್ತು."

ಹತ್ತಿದೆ. ಹತ್ತದಿದ್ದರೆ ಚನ್ನಪಟ್ಟಣದವರೆಗೂ ಪಕ್ಕದಲ್ಲೇ ತೆವಳುತ್ತ ಬಂದು, ಎದುರಾದವರಿಗೆಲ್ಲ "ಹೈದ ಮುನಿಸ್ಕೊಂಡವ್ನೆ" ಎಂದು ಸಾರುತ್ತಿದ್ದರು. ದಿನವೂ ಇದೇ ಆಯಿತು. ಓಡಲು ಹೊರಟವನು ದಿನವೂ ಸವಾರಿ ಮಾಡಿ ಮನೆಗೆ ಬಂದೆ. ಊಟದ ಬಿಡುವಿನಲ್ಲಿ ಕಾರ್ಖಾನೆಯ ಗೋಡೌನ್ ಸುತ್ತ ಓಡಿ ನೋಡಿದೆ. ಸೆಕ್ಯುರಿಟಿಯವನು ಹಿಡಿದು ನಿಲ್ಲಿಸಿ ಜೇಬು ತಡಕಿದ. ಕಡೆಗೆ ಬಿಡದಿಯಾಚೆ, ಒಂದು ಮನೆಯೂ ಏಳದ ಲೇಔಟೊಂದು ಸಿಕ್ಕಿತು. ಶಿಫ್ಟು ಮುಗಿದ ಮೇಲೆ ಸೈಟುಕಲ್ಲುಗಳ ನಡುವೆ ಓಡಿದೆ. ಅಲ್ಲೂ ಒಬ್ಬ ಬ್ರೋಕರ್ ಹಿಂದೆಯೇ ಓಡಿಬಂದು "ಕಾರ್ನರ್ ಸೈಟ್ ನೋಡುದ್ರಾ ಸಾರ್?" ಎಂದ. ಅವನಿಂದ ತಪ್ಪಿಸಿಕೊಳ್ಳುವ ಭರದಲ್ಲಿ ನನ್ನ ವೇಗ ಒಂದಿಷ್ಟು ಹೆಚ್ಚಿತು.

ಪರೀಕ್ಷೆ ಭಾನುವಾರ, ರಾಮನಗರದ ಮೈದಾನದಲ್ಲಿ. ಹುಸೇನ್ ಸಾರ್ ನಿವೃತ್ತ ಡ್ರಿಲ್ ಮಾಸ್ತರು. ಅವರು ಮಾತಾಡುವುದೂ ಸೀಟಿ ಊದಿದ ಹಾಗೆಯೇ, ಗಕ್ಕನೆ ಶುರು, ಗಕ್ಕನೆ ಕೊನೆ.

"ಓಡೋದು ಅಂದ್ರೆ ಓಡೋದು! ನಡೆಯೋದು ಅಂದ್ರೆ ನಡೆಯೋದು! ಮಧ್ಯದಲ್ಲಿ ಏನೋ ಒಂದು ಮಾಡ್ತೀರಲ್ಲ, ಅದನ್ನ ಮನೇಲಿ ಇಟ್ಕೊಳ್ಳಿ! ನಾಲ್ಕು ಮೂಲೇಲಿ ಕೋನ್ ಇದೆ. ಅದರ ಹೊರಗಿಂದ ಸುತ್ತಬೇಕು. ನನ್ನ ಕೊನೇ ಸೀಟಿ ಒಳಗೆ ಗೆರೆ ಮುಟ್ಟಬೇಕು. ಅಷ್ಟೇ!"

ಮಾವ ಬಂದಿದ್ದರು. ನಾನು ಹೇಳಿರಲಿಲ್ಲ, ನೇತ್ರಾ ಹೇಳಿದ್ದಳು. ದೂರದ ಮೂಲೆಯ ಬೇವಿನ ಮರದಡಿ, ಟೋಪಿಯಂತಿದ್ದ ಕಿತ್ತಳೆ ಬಣ್ಣದ ಕೋನಿನ ಪಕ್ಕದಲ್ಲೇ ನಿಂತು, ನಾನು ಹಾದುಹೋದಾಗಲೆಲ್ಲ "ಈ ಟೋಪಿ ತಾವ ಒಸಿ ಸ್ಪೀಡ್ ಕಮ್ಮಿ ಮಾಡ್ಲಾ, ಪಲ್ಟಿ ಹೊಡ್ದೀಯ" ಎನ್ನುತ್ತಿದ್ದರು.

ಕೊನೆಯ ಸುತ್ತಿಗೆ ಬಂದಾಗ ನಾನೇ ಹಿಂದೆ. ಮಾಗಡಿಯ ನಾಗರಾಜು ಮೊದಲಾಗಿ ಎಲ್ಲರೂ ನನ್ನ ಮುಂದೆ. ಎದೆಯೊಳಗೆ ಮಾವನ ಲಾರಿಯೇ ಇಳಿಜಾರಿನಲ್ಲಿ ಸ್ಟಾರ್ಟ್ ಆಗುತ್ತಿದ್ದಂಥ ಸದ್ದು. ಬೇವಿನ ಮರದ ಮೂಲೆಗೆ ಬರುತ್ತೇನೆ, ಕೋನ್ ಇರಬೇಕಾದ ಕಡೆ ಇಲ್ಲ! ಹತ್ತಾರು ಹೆಜ್ಜೆ ಒಳಗೆ ಬಂದು ನಿಂತಿದೆ. ಪಕ್ಕದಲ್ಲಿ ಮಾವ, ಕೈ ಬೆನ್ನ ಹಿಂದೆ ಕಟ್ಟಿ, ರಾಮದೇವರ ಬೆಟ್ಟವನ್ನು ಇದೇ ಮೊದಲು ಕಂಡವರ ಹಾಗೆ ನೋಡುತ್ತಿದ್ದಾರೆ. ಹುಸೇನ್ ಸಾರ್ ಕಣ್ಣು ಗಡಿಯಾರದ ಮೇಲೆ. ಮುಂದಿದ್ದವರೆಲ್ಲ ಏದುಸಿರಿನಲ್ಲಿ ಕೋನ್ ಕಂಡಲ್ಲೇ ತಿರುಗಿಬಿಟ್ಟಿದ್ದರು. ಟೋಪಿ ಸರಿಸಿಯೇ ಮಾವ ಎಲ್ಲರಿಗೂ ಟೋಪಿ ಹಾಕಿದ್ದರು.

"ಇಲ್ಲೇ ತಿರುಕ್ಕೋ," ಎಂದು ಮೆಲ್ಲಗೆ ಕಣ್ಣು ಹೊಡೆದರು.

ಅಲ್ಲೇ ತಿರುಗಿದರೆ ಪಾಸು. ಹಳೆಯ ಜಾಗ ಸುತ್ತಿದರೆ ಡುಮ್ಕಿಯಾಗುವ ಸಂಭವವೇ ಹೆಚ್ಚು. ನಾನು ಹಳೆಯ ಜಾಗಕ್ಕೇ ಓಡಿದೆ. ಪ್ರಾಮಾಣಿಕತೆಯೆಂದು ಯಾರೂ ಹೊಗಳಬೇಕಾಗಿಲ್ಲ. ಅದು ಬರೀ ಸಿಟ್ಟು. ರಸ್ತೆಯಲ್ಲಂತೂ ಓಡಗೊಡಲಿಲ್ಲ, ಇಲ್ಲಾದರೂ ನನ್ನ ಪಾಡಿಗೆ ನನ್ನನ್ನು ಓಡಲು ಬಿಡಬಾರದೇ?

"ಅಲ್ಲಲ್ಲ ಕಣ್ಲಾ! ಟೋಪಿ ಇಲ್ಲೈತೆ! ಇಲ್ಲಿ ಮಡ್ಗಿವ್ನಿ!" ಮಾವ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು.

ಹುಸೇನ್ ಸಾರ್ ತಲೆಯೆತ್ತಿದರು. ನಾನು ಧೂಳಿನಲ್ಲಿ ಉಳಿದಿದ್ದ ಕೋನಿನ ಗುರುತನ್ನು ಸುತ್ತಿ, ಕಣ್ಣು ಮುಚ್ಚಿಕೊಂಡು ನುಗ್ಗಿ, ಗೆರೆಯ ಮೇಲೆ ಬಿದ್ದೆ. ಬಿದ್ದ ಮೇಲೆ ಸೀಟಿ ಕೇಳಿಸಿತು.

"ಎಲ್ಲರೂ ಕೋನ್ ಸುತ್ತಿದ್ರು, ನೀನೊಬ್ಬ ಗಾಳಿ ಸುತ್ತಿದ್ದೆ. ಯಾಕೆ?"

"ಕೋನ್ ಸರಿದಿತ್ತು ಸಾರ್."

"ತಾನಾಗೇ ಸರೀತಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಗರಾಜು ಬೇಡ ಬೇಡವೆಂದು ತಲೆಯಾಡಿಸಿದ. ಬಾಯಿ ಬಿಟ್ಟರೆ ಮನೆಯಲ್ಲಿ ನೇತ್ರಾ, ಬಿಡದಿದ್ದರೆ ಇಲ್ಲಿ ಹುಸೇನ್ ಸಾರ್.

"ಇಲ್ಲ ಸಾರ್. ನಮ್ಮ ಮಾವ ಸರಿಸಿದ್ರು."

ಹುಸೇನ್ ಸಾರ್ ನಡೆದುಹೋಗಿ ಕೋನನ್ನು ಹಳೆಯ ಜಾಗದಲ್ಲಿಟ್ಟರು. ಮಾವನಿಗೆ ಬೆರಳಿನಲ್ಲೇ ಗೇಟು ತೋರಿಸಿದರು. ವಾಪಸ್ಸು ಬಂದು, "ಮಿಕ್ಕವರೆಲ್ಲ ನೀರು ಕುಡೀರಿ. ಕೊನೇ ಸುತ್ತು ಮತ್ತೆ ಓಡ್ಬೇಕು," ಎಂದರು. ತಮ್ಮ ಚೀಲದಿಂದ ಇನ್ನೊಂದು ಸೀಟಿ ತೆಗೆದು ನನ್ನ ಕೈಗಿಟ್ಟರು. "ನಿಂದು ಪಾಸು. ಇವರಿಗೆ ನೀನೇ ಊದು."

"ಬೈತಾರೆ ಸಾರ್."

"ಬೈಲಿ. ಬೈಸ್ಕೊಳ್ಳೋಕೆ ಬೇರೆ ಪರೀಕ್ಷೆ ಇಲ್ಲ, ಇದೇ!"

ಊದಿದೆ. ಓಡಿದರು. "ನಿಮ್ಮಾವನ್ ಮನೆ ಹಾಳಾಗ!" ಎಂದು ನಾಗರಾಜು ಓಡುತ್ತಲೇ ಶಪಿಸಿದ. ಅವನ ಹಿಂದಿನವನು, "ಅದು ಅವ್ನೆಂಡ್ರ ತವ್ರುಮನೆ ಕಣ್ಲಾ, ಇಬ್ರುಗೂ ಸೇರುಸ್ ಬೈಯಿ," ಎಂದ. ಎಡಗಡೆ ಗೇಟಿನಾಚೆ ಮಾವ ಕಡ್ಲೆಕಾಯಿ ಮಾರುವ ಹೆಂಗಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನಮ್ಮಳಿಮಯ್ಯ ಕಣವ್ವ, ಸೀಟಿ ಹಿಡ್ಕೊಂಡವ್ನಲ್ಲ, ಅವ್ನೇಯ. ಎಫ್‌ಸಿ ಆಗೋಯ್ತು. ಸುಮ್ಕಿದ್ರೆ ಓಡೋ ಆಸಾಮಿ ಅಲ್ಲ ಅವ್ನು. ಬೇಕೂಂತ್ಲೇ ಟೋಪಿ ಜರುಗುಸ್ದೆ ನೋಡು, ರೋಷ ಬಂದ್ಬುಡ್ತು!"

ಅದು ಶುದ್ಧ ಸುಳ್ಳು ಎಂದು ಕೂಗಬೇಕೆನಿಸಿತು. ಬಾಯಲ್ಲಿ ಸೀಟಿ ಇತ್ತು.