ತಕ್ಕಡಿ ಮೇಸ್ತ್ರಿಯ ಎರಡೂವರೆ ಕಿಲೋ

ಪೇಟೆಯ ತಕ್ಕಡಿಗಳನ್ನು ಪರೀಕ್ಷಿಸಿ ರಿಪೇರಿ ಮಾಡುವ ಆ ತಕ್ಕಡಿ ಮೇಸ್ತ್ರಿಯಂಥವನು ಹದಿನಾಲ್ಕು ಲೋಕ ಜಾಲಾಡಿದರೂ ಸಿಗುತ್ತಿರಲಿಲ್ಲ. ಇರುವೆ ಉಸಿರು ಬಿಟ್ಟರೆ ಎಷ್ಟು ಹಗುರಾಯಿತೆಂದು ಹೇಳಬಲ್ಲವನು! ಪೇಟೆಯ ತಕ್ಕಡಿಗಳೆಲ್ಲ ಅವನನ್ನು ಕಂಡರೆ ಮುಳ್ಳು ಅಲ್ಲಾಡಿಸದೆ ಕೈಕಟ್ಟಿ ನಿಲ್ಲುತ್ತಿದ್ದವು. ಆದರೆ ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಮಾತಾಡುತ್ತಿದ್ದುದು ಗೋಡೆ ಗಡಿಯಾರ ಒಂದೇ. ಅದೂ ಟಿಕ್ ಬಿಟ್ಟರೆ ಟಕ್.

ಅವನ ಹೃದಯದ ಬಲ ಕುಂದಿತ್ತು. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಸಾಲು, ಇಸಿಜಿ, ರಕ್ತ, ಸ್ಕ್ಯಾನು. ಬೇರೆಯವರಿಗೆ ಅದು ಸಾಕುಸಾಕು. ಅವನಿಗೆ ಅದೇ ಸ್ವರ್ಗ. ಯಾರಾದರೂ ಕೈ ಹಿಡಿದು ನಾಡಿ ನೋಡುತ್ತಿದ್ದರಲ್ಲ!

ಒಂದು ದಿನ ಅಲ್ಲಿನ ನರ್ಸಮ್ಮ ಅವನ ಕೈಗೆ ತೂಕದ ಯಂತ್ರ ಕೊಟ್ಟಳು.

"ಮಾವ, ಇನ್ಮೇಲೆ ಸುಮ್ಮಸುಮ್ಮನೆ ಪರೀಕ್ಷೆ ಇಲ್ಲ. ದಿನಾ ಬೆಳಗ್ಗೆ ತೂಕ ನೋಡಿ. ಏಳಕ್ಕೆ ನಾನೇ ಫೋನ್ ಮಾಡ್ತೀನಿ."

"ಅಂದ್ರೆ ನನ್ನ ಕೈಬಿಟ್ರಿ ಅನ್ನು, ತಾಯಿ."

"ಅಯ್ಯೋ, ಅಲ್ಲ ಮಾವ! ಮೊದಲು ಎಷ್ಟು ಪರೀಕ್ಷೆ ಮಾಡಿದ್ವಿ ಅನ್ನೋದೇ ನಮ್ಮ ಹೆಮ್ಮೆ. ಈಗ ಎಷ್ಟು ಜನ ಆಸ್ಪತ್ರೆ ಮಂಚ ಹತ್ತದೆ, ತಮ್ಮನೆ ಮೆಟ್ಟಿಲು ಹತ್ಕೊಂಡು ಆರಾಮಾಗಿದಾರೆ ಅಂತ ನೋಡ್ತೀವಿ. ಬೇಕಾದ ಪರೀಕ್ಷೆ ಮಾಡೇ ಮಾಡ್ತೀವಿ."

"ಸರಿ ಹೋಯ್ತು. ನನಗೇ ತೂಕ ನೋಡೋದು ಕಲಿಸ್ತೀಯ!"

ಮರುದಿನದಿಂದ ಅವನು ಐದಕ್ಕೇ ತಲೆ ಬಾಚಿ, ಅಂಗಿ ಗುಂಡಿ ಹಾಕಿ ಫೋನಿನ ಮುಂದೆ ಕೂರತೊಡಗಿದ. "ಅರವತ್ತೊಂದು" ಎಂದರೆ "ಭೇಷ್ ಮಾವ!" ಎಂದು ಅವಳು ನಗುತ್ತಿದ್ದಳು. ಎರಡು ನಿಮಿಷದ ಮಾತು. ಉಳಿದ ದಿನ ನೂರು ವರ್ಷ.

ಮೂರು ವಾರ ಕಳೆಯಿತು. ಆಮೇಲೆ ಮೂರೇ ದಿನದಲ್ಲಿ ಮುಳ್ಳು ಅರವತ್ತಮೂರೂವರೆಗೆ ಹೋಯಿತು.

"ಊಟ ಸೇರ್ತಿಲ್ಲ, ತೂಕ ಏರ್ತದಂತೆ! ಯಂತ್ರಕ್ಕೇ ಕಾಯಿಲೆ" ಎಂದು ಮೇಸ್ತ್ರಿ ಅದರ ಹೊಟ್ಟೆ ಬಿಚ್ಚಿ ಸ್ಪ್ರಿಂಗ್ ತಿರುವಿದ. ಮುಳ್ಳು ವಿಧೇಯವಾಗಿ ಅರವತ್ತೊಂದಕ್ಕೆ ಬಂತು.

"ಅರವತ್ತೊಂದು ತಾಯಿ... ಗುಂಡುಕಲ್ಲಿನ ಹಾಗೆ... ಇದೀನಿ." ಅಷ್ಟಕ್ಕೇ ಮೂರು ಸಲ ಉಸಿರೆಳೆದ.

ಅವಳು ನಗಲಿಲ್ಲ. "ಮಾವ, ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?"

"ಒಂದಿತ್ತು. ಈಗ ಎರಡು. ಅವಳ ದಿಂಬು ಸುಮ್ನೆ ಬಿದ್ದಿತ್ತಲ್ಲ..."

ಒಂದು ಗಂಟೆಯೊಳಗೆ ನರ್ಸಮ್ಮ ತನ್ನದೇ ಯಂತ್ರ ಹಿಡಿದು ಬಾಗಿಲಲ್ಲಿದ್ದಳು. ಅರವತ್ತಮೂರೂವರೆ. ಪಾದಕ್ಕೆ ಹೆಬ್ಬೆರಳು ಒತ್ತಿದಳು. ಬಿದ್ದ ಗುಳಿ ಮುಚ್ಚಲೇ ಇಲ್ಲ.

"ಇದು ಊಟದ ತೂಕ ಅಲ್ಲ ಮಾವ, ನೀರು. ಹೃದಯ ಸೋತಾಗ ಮೈಯಲ್ಲಿ ನಿಲ್ಲೋ ನೀರು. ಅದು ತುಂಬಿದ್ರೆ ಚಪ್ಪಟೆ ಮಲಗಿದಾಗ ಉಸಿರು ಕಟ್ಟುತ್ತೆ, ಅದಕ್ಕೇ ನಿಮಗೆ ಎರಡನೇ ದಿಂಬು ಬೇಕಾಯ್ತು. ಇನ್ನೆರಡು ದಿನ ಬಿಟ್ಟಿದ್ರೆ ಉಸಿರೇ ಸಿಕ್ತಿರ್ಲಿಲ್ಲ."

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಮಾತ್ರೆ ಬದಲಿಸಿದರು.

ಮೇಸ್ತ್ರಿ ತಲೆ ತಗ್ಗಿಸಿದ. "ನಲವತ್ತು ವರ್ಷ ಊರಿನ ಕಳ್ಳ ತಕ್ಕಡಿ ಹಿಡಿದೆ. ಕೊನೆಗೆ ನನ್ನದನ್ನೇ ಕಳ್ಳ ಮಾಡ್ದೆ. ಅರವತ್ತೊಂದು ಅಂದ್ರೆ ನೀನು ನಗ್ತಿದ್ದೆ ತಾಯಿ. ಈ ಮನೇಲಿ ಬೇರೆ ನಗು ಎಲ್ಲಿದೆ?"

"ಒಳ್ಳೇ ಸುದ್ದಿಗೆ ನಗ್ತೀನಿ ಮಾವ. ಕೆಟ್ಟ ಸುದ್ದಿ ಹೇಳಿ, ಓಡಿ ಬರ್ತೀನಿ."

ಮೇಸ್ತ್ರಿ ಸ್ಪ್ರಿಂಗನ್ನು ಮತ್ತೆ ಸರಿಮಾಡಿದ. ವಾರದಲ್ಲಿ ಮುಳ್ಳು ತಾನಾಗಿಯೇ ಅರವತ್ತೊಂದಕ್ಕೆ ಇಳಿಯಿತು. ಹೆಂಡತಿಯ ದಿಂಬು ಮತ್ತೆ ಅವಳ ಜಾಗಕ್ಕೆ ಹೋಯಿತು.

ನಿಮ್ಮ ಮನೆಯಲ್ಲೂ ಹೃದಯದ ಬಲ ಕುಂದಿದವರಿದ್ದಾರೆಯೇ? ದಿನಾ ಬೆಳಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಪಾದ ಊದಿದರೆ, ಮಲಗಿದರೆ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ. ಮನೆಗೆ ಹೋದ ಮೇಲೂ ವಿಚಾರಿಸುವ ವ್ಯವಸ್ಥೆ ಇದೆಯೇ ಎಂದು ನಿಮ್ಮ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ. ಪಕ್ಕದ ಮನೆಯಲ್ಲಿ ಒಂಟಿ ಜೀವವಿದ್ದರೆ ನಾಳೆ ಬಾಗಿಲು ತಟ್ಟಿ ಒಂದೇ ಮಾತು ಕೇಳಿ: "ಎಷ್ಟು ದಿಂಬು ಇಟ್ಕೊಂಡು ಮಲಗಿದ್ರಿ?"